ಸೀರೆ ಕೊಟ್ಟು ತಂದ ಲೆನ್ಸು

ನಮ್ಮ ಮನೆಗೆ ಆ ದೊಡ್ಡ ಲೆನ್ಸು ಬಂದದ್ದು ಸೀರೆಗಳ ಬದಲಿಗೆ. ಮೈಸೂರಿನ ಒಬ್ಬ ಫೋಟೋಗ್ರಾಫರು ಮಗಳ ಮದುವೆಗೆ ರೇಷ್ಮೆ ಸೀರೆ ನೇಯಿಸಬೇಕೆಂದು ಕೊಳ್ಳೇಗಾಲಕ್ಕೆ ಬಂದಿದ್ದರು. ನನ್ನ ಗಂಡ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಅಂಚು, ಸೆರಗಿನ ಮಾತಾಡುತ್ತಿದ್ದರು. ಬಂದವರ ಕಣ್ಣು ಮಾತ್ರ ನಾನೇ ನನ್ನ ಕ್ಯಾಮೆರಾದಲ್ಲಿ ತೆಗೆದು ಗೋಡೆಗೆ ಅಂಟಿಸಿದ್ದ ಮಿಂಚುಳ್ಳಿಯ ಚಿತ್ರದ ಮೇಲಿತ್ತು. ಎದ್ದು ಹತ್ತಿರ ಹೋಗಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಹಕ್ಕಿ ಎಲ್ಲಿದೆ ಎಂದು ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ. ಬೆರಳಿಟ್ಟರೆ ಹಕ್ಕಿ ಮುಚ್ಚಿಹೋಗುತ್ತಿತ್ತು, ಅಷ್ಟು ಚಿಕ್ಕದು.

ಅವರಿಗೆ ನನ್ನ ಮೇಲೆ ಕನಿಕರ ಹುಟ್ಟಿರಬೇಕು. ಮಂಡಿನೋವಿನಿಂದ ತಾವು ಕಾಡು ಸುತ್ತುವುದು ಬಿಟ್ಟು ಬಹಳ ಕಾಲವಾಯಿತೆಂದೂ, ಮನೆಯ ಬೀರುವಿನಲ್ಲಿ ಒಂದು ಉದ್ದನೆಯ ಲೆನ್ಸು ಬೂಷ್ಟು ಹಿಡಿಯಲು ಕಾಯುತ್ತ ಕೂತಿದೆಯೆಂದೂ ಹೇಳಿದರು. ಮಾತು ಸೆರಗು ಬಿಟ್ಟು ಲೆನ್ಸಿನ ಕಡೆ ತಿರುಗಿತು. ಕೊನೆಗೆ ಸೀರೆಗಳು ಮೈಸೂರಿಗೆ ಹೋದವು, ಲೆನ್ಸು ಕೊಳ್ಳೇಗಾಲಕ್ಕೆ ಬಂತು. ನನ್ನ ಗಂಡ ಇದಕ್ಕೆ ಹೇಗೆ ಒಪ್ಪಿದರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಕೆರೆ ಕಡೆ ಹೋದರೆ ಮಗ್ಗದ ಪಕ್ಕ ನಿಂತು ಮಾತಾಡುವುದು ಕಡಿಮೆಯಾಗುತ್ತದೆ ಎಂದು ಎಣಿಸಿದ್ದರೇನೋ.

ಅತ್ತೆ ಮಾತ್ರ ಸುಮ್ಮನಿರಲಿಲ್ಲ. ಅವರು ಕೋಪ ಬಂದಾಗ ಮನೆಯೊಳಗೆ ನಮ್ಮ ಮನೆಮಾತು ತೆಲುಗಿನಲ್ಲಿ ಬೈಯುತ್ತಾರೆ, ಬೀದಿಗೆ ಕೇಳಿಸಬೇಕಾದರೆ ಕನ್ನಡಕ್ಕೆ ಬರುತ್ತಾರೆ. ಅವತ್ತು ಬಾಗಿಲಲ್ಲಿ ನಿಂತು ಕನ್ನಡದಲ್ಲೇ ಹೇಳಿದರು.

"ನಮ್ ಸೀರೆ ಆ ಹುಡುಗಿ ಮೊಮ್ಮಗಳ ಕಾಲಕ್ಕೂ ಬತ್ತದೆ. ಈ ಕೊಳವೆ ಎಷ್ಟು ದಿನ ಬತ್ತದೆ, ನೋಡಾನ."

ಕೊಳವೆ ಎಂದದ್ದರಲ್ಲಿ ತಪ್ಪೇನಿಲ್ಲ. ಬಿಳಿ ಬಣ್ಣದ, ಬೋರ್‌ವೆಲ್ ಪೈಪಿನ ತುಂಡಿನಂಥ ವಸ್ತು ಅದು. ಅದಕ್ಕೆ ಕ್ಯಾಮೆರಾ ಸಿಕ್ಕಿಸಿದರೆ ಕ್ಯಾಮೆರಾಕ್ಕೆ ಲೆನ್ಸು ಹಾಕಿದ ಹಾಗೆ ಕಾಣುತ್ತಿರಲಿಲ್ಲ, ಲೆನ್ಸಿಗೆ ಬಾಲ ಬಂದ ಹಾಗೆ ಕಾಣುತ್ತಿತ್ತು. ಕೈಯಲ್ಲಿ ಹಿಡಿದು ಎತ್ತಿದರೆ ಚಿತ್ರದಲ್ಲಿ ಬರುವ ಕೊಕ್ಕರೆ ನಡುಗುತ್ತಿತ್ತು, ಕೊಕ್ಕರೆಗೇ ಜ್ವರ ಬಂದ ಹಾಗೆ. ಹಾಗಾಗಿ ಟ್ರೈಪಾಡು ತರಿಸಿದೆ. ಅದು ಬಂದ ವಾರದಲ್ಲೇ ಅತ್ತೆ ಅದರ ಮೂರೂ ಕಾಲುಗಳನ್ನು ಅಗಲಿಸಿ, ಬಣ್ಣ ಹಾಕಿದ ನೂಲಿನ ಲಡಿಗಳನ್ನು ಒಣಹಾಕಲು ಪ್ರಾರಂಭಿಸಿದರು. ನನಗೆ ಬೇಕಾದಾಗ ಅದರ ಮೇಲೆ ಅರಿಶಿನ ಬಣ್ಣದ ನೂಲು ಇರುತ್ತಿತ್ತು. ಒಣಗುವ ತನಕ ಕಾಯಬೇಕು.

ಬಿಳಿ ಲೆನ್ಸು ಕಂಡರೆ ಹಕ್ಕಿ ಹಾರುತ್ತದೆ, ಅದಕ್ಕೊಂದು ಎಲೆ ಬಣ್ಣದ ಕವಚ ಬೇಕು ಎಂದು ಒಂದು ದಿನ ಊಟ ಮಾಡುವಾಗ ಹೇಳಿದೆ. ಮರುದಿನ ಕವಚ ಸಿದ್ಧವಾಗಿತ್ತು. ಅತ್ತೆ ಉಳಿದ ಬಟ್ಟೆಯಲ್ಲಿ ಹೊಲಿದಿದ್ದರು. ನಮ್ಮ ಮನೆಯಲ್ಲಿ ಉಳಿಯುವ ಬಟ್ಟೆ ಎಂದರೆ ರೇಷ್ಮೆ. ಗಿಳಿಹಸಿರು ಬಣ್ಣ, ಎರಡೂ ತುದಿಗೆ ಝರಿ ಅಂಚು. ಬಿಸಿಲಿಗೆ ಹಿಡಿದರೆ ಕಣ್ಣು ಕೋರೈಸುತ್ತಿತ್ತು. ಹಕ್ಕಿಯ ಕಣ್ಣಿಗೆ ಬೀಳಬಾರದು ಎಂಬುದಕ್ಕೆ ಅಲ್ಲವೇ ಕವಚ ಎಂದು ಮೆಲ್ಲಗೆ ಕೇಳಿದೆ. ಹಕ್ಕಿ ನೋಡಿದರೂ ಇದು ಒಳ್ಳೆ ಮನೆತನದ ಹೆಂಗಸು ಎಂದು ತಿಳಿದುಕೊಳ್ಳಲಿ ಎಂದರು.

ಹೆಂಗಸು ಒಬ್ಬಳೇ ಕೆರೆಯ ಹತ್ತಿರ ಕೂರುವುದು ಸರಿಯಲ್ಲ ಎಂದು ಅವರೇ ಜೊತೆಗೆ ಬರತೊಡಗಿದರು. ಬಂದವರು ಮಾತಾಡುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಬಟನ್ ಒತ್ತುವ ಹೊತ್ತಿಗೆ ಸರಿಯಾಗಿ, ಬೀದಿಯ ಕೊನೆ ಮನೆಯ ನಿಶ್ಚಿತಾರ್ಥ ಮುರಿದ ಕಾರಣ ಹೇಳಲು ಶುರುಮಾಡುತ್ತಿದ್ದರು. ಹಕ್ಕಿ ಹಾರಿಹೋಗುತ್ತಿತ್ತು. ಕಾರಣ ಕೇಳಿದ ಮೇಲೆ ನನಗೂ ಹಕ್ಕಿ ಹೋದದ್ದಕ್ಕೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಇಷ್ಟರಲ್ಲಿ ನಾನು ಒಂದು ವಾಟ್ಸಾಪ್ ಗುಂಪಿಗೆ ಸೇರಿದ್ದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯ ಕಾಡಿನ ಫೋಟೋ ಹುಚ್ಚಿನವರೆಲ್ಲ ಅದರಲ್ಲಿದ್ದರು. ಯಳಂದೂರಿನ ಒಬ್ಬ ಹಲ್ಲಿನ ಡಾಕ್ಟರು ಅದರ ಹಿರಿಯರು. ಯಾರು ಏನು ಹಾಕಿದರೂ ಅವರು ಒಂದು ಮಾತು ಬರೆಯುತ್ತಿದ್ದರು: ಬೆಳಕು ಗಟ್ಟಿಯಾಯಿತು, ಕೊಂಬೆ ಅಡ್ಡ ಬಂತು, ಕಣ್ಣು ಚೂಪಾಗಿಲ್ಲ. ಹಲ್ಲು ನೋಡುವ ಹಾಗೆಯೇ ಚಿತ್ರವನ್ನೂ ಹುಳುಕು ಹುಡುಕಿ ನೋಡುತ್ತಿದ್ದರು. ಗುಂಪಿನಲ್ಲಿ ನನ್ನನ್ನು ಬಿಟ್ಟು ಎಲ್ಲರ ಹತ್ತಿರವೂ ಒಂದೊಂದು ಚಿರತೆ ಇತ್ತು. ನನ್ನ ಹತ್ತಿರ ಕೊಕ್ಕರೆ, ನೀರುಕಾಗೆ, ಮತ್ತು ಪಕ್ಕದ ಮನೆಯ ಬೆಕ್ಕು ಗೋಡೆ ಹಾರುತ್ತಿದ್ದದ್ದು ಇತ್ತು.

ಹಾಗಿರುವಾಗ ಕೌದಳ್ಳಿಯಿಂದ ಒಳಗೆ ಇರುವ ಒಂದು ಹಳ್ಳಿಯ ಯಜಮಾನರು ಕೊಳ್ಳೇಗಾಲದ ಮಾರುಕಟ್ಟೆಗೆ ರೇಷ್ಮೆಗೂಡು ಮಾರಲು ಬಂದರು. ಅವರ ಮಗಳ ಧಾರೆ ಸೀರೆ ನೇಯ್ದದ್ದು ನಮ್ಮ ಮಗ್ಗದಲ್ಲೇ. ಅಲ್ಲಿಂದೀಚೆ ಊರಿಗೆ ಬಂದರೆ ನಮ್ಮಲ್ಲಿ ಕಾಫಿ ಕುಡಿಯದೆ ಹೋಗುವವರಲ್ಲ. ಲೋಟ ಕೆಳಗಿಡುತ್ತ, ಮಳೆ ಬಂತು ಎನ್ನುವಷ್ಟೇ ಸಾಧಾರಣವಾಗಿ ಅವರು ಒಂದು ಸಂಗತಿ ಹೇಳಿದರು.

"ಒತ್ತು ಮುಳುಗಾ ಟೈಮ್ಗೆ ಬಂದ್ಬುಟ್ಟು ನಮ್ ಇಪ್ಪುನೇಳೆ ತೋಟದಾಚೆ ಬಂಡೆ ಮ್ಯಾಲೆ ಮನಿಕತದೆ ಕಣ್ರಿ ಚಿರ್ತೆ. ನಮ್ ನಾಯಿಗೂ ನೋಡಿ ನೋಡಿ ಸಾಕಾಗದೆ. ಬೊಗಳಾದ್ನೇ ಬುಟ್ಬುಡ್ತು."

ನಾನು ಗಂಡನ ಮುಖ ನೋಡಿದೆ. ಅವರು ಲಾಳಿ ನಿಲ್ಲಿಸಿದರು. ಆ ಭಾನುವಾರವೇ ನಮ್ಮ ಹಳೆಯ ಓಮ್ನಿಯಲ್ಲಿ ಹೊರಟೆವು. ಗಂಡ ಓಡಿಸಲು, ನಾನು ಫೋಟೋ ತೆಗೆಯಲು, ಅತ್ತೆ ನಮ್ಮಿಬ್ಬರನ್ನೂ ನೋಡಿಕೊಳ್ಳಲು.

ಹನೂರು ದಾಟಿ ಕೌದಳ್ಳಿಯಲ್ಲಿ ಟೀಗೆ ನಿಲ್ಲಿಸಿದೆವು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಒಂದು ತಂಡ ಅಂಗಡಿಯ ಮುಂದೆ ಕಾಲು ಚಾಚಿ ಕೂತಿತ್ತು. ಗುಂಡಿ ರಸ್ತೆಯಲ್ಲಿ ಲೆನ್ಸಿಗೆ ಪೆಟ್ಟಾಗಬಾರದೆಂದು ಅತ್ತೆ ಅದನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು. ಗಿಳಿಹಸಿರು ರೇಷ್ಮೆ, ಝರಿ ಅಂಚು, ತಬ್ಬಿಕೊಂಡು ಕೂತ ಹಣೆತುಂಬ ವಿಭೂತಿಯ ಮುದುಕಿ. ತಂಡದ ಒಬ್ಬ ಹೆಂಗಸು ಎದ್ದು ಬಂದು ಕಿಟಕಿಯ ಹತ್ತಿರ ಕೈಮುಗಿದು, ಯಾವೂರ ದೇವರು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಕೊಳ್ಳೇಗಾಲದ್ದು ಎಂದುಬಿಟ್ಟರು. ಆಕೆ ಬಾಗಿ ಕಣ್ಣಿಗೊತ್ತಿಕೊಂಡು ಹೋದಳು. ಆಮೇಲೆ ಕೇಳಿದ್ದಕ್ಕೆ, ಆಕೆ ಊರು ಕೇಳಿದಳು, ನಾನು ಊರು ಹೇಳಿದೆ ಎಂದರು.

ಯಜಮಾನರ ಮನೆ ತೋಟದಲ್ಲೇ ಇತ್ತು. ಮನೆಯ ಹಿಂದೆ ಹಿಪ್ಪುನೇರಳೆ, ಅದರಾಚೆ ಒಂದು ಹಳ್ಳ, ಹಳ್ಳದಾಚೆ ಬಂಡೆ. ಬಂಡೆಯ ಬೆನ್ನಿಗೆ ಕಾಡು. ಬರಿಗಣ್ಣಿಗೆ ಬಂಡೆ ಸಾಕಷ್ಟು ದೂರವೇ ಇತ್ತು, ಕೂತ ಆನೆಮರಿಯಷ್ಟು ಕಾಣುತ್ತಿತ್ತು. ಯಜಮಾನರ ಹೆಂಡತಿ, ಗಟ್ಟಿ ಧ್ವನಿಯ ಅಜ್ಜಿ, ನಮ್ಮನ್ನು ನೋಡುತ್ತಲೇ ಒಳಗೆ ಕರೆದು ನೀರು ಕೊಟ್ಟರು. ಗಂಡ ಊಟ ಮುಗಿಸಿ ಓಮ್ನಿಯ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದರು. ಮುಂದೆ ನಡೆದ ಯಾವುದನ್ನೂ ಅವರು ನೋಡಲಿಲ್ಲ.

ನಾನು ತೋಟದ ಬದುವಿನ ಕಲ್ಲುಗೋಡೆಯ ಮೇಲೆ ಬೀನ್ ಬ್ಯಾಗ್ ಇಟ್ಟು, ಅದರ ಮೇಲೆ ಲೆನ್ಸು ಮಲಗಿಸಿದೆ. ಬೀನ್ ಬ್ಯಾಗ್ ಎಂದರೆ ಕಾಳು ತುಂಬಿದ ಚಿಕ್ಕ ದಿಂಬು. ಲೆನ್ಸಿನ ಭಾರಕ್ಕೆ ತಗ್ಗಿ, ಅಲುಗಾಡದ ಹಾಗೆ ಹಿಡಿದುಕೊಳ್ಳುತ್ತದೆ. ಗುಂಪಿನವರು ಥರ್ಮೋಕೋಲ್ ಉಂಡೆ ತುಂಬಿಸಿ ಎಂದಿದ್ದರು. ಅತ್ತೆ ಹುರುಳಿ ತುಂಬಿಸಿದ್ದರು. ಬಂಡೆಗೆ ಫೋಕಸ್ ಮಾಡಿ, ಬಂಡೆಯ ಪಾಚಿಯೂ ಎಣಿಸಬಹುದಾದಷ್ಟು ಸ್ಪಷ್ಟ ಮಾಡಿಕೊಂಡು ಕಾದು ಕೂತೆ. ಬಿಸಿಲು ಇಳಿಯುತ್ತಿತ್ತು. ನೋಡನೋಡುತ್ತ ಬಂಡೆ ಮೆಲ್ಲಗೆ ಮೇಲೇರತೊಡಗಿತು. ಮೊದಲು ಬಂಡೆ ಹೋಯಿತು, ಆಮೇಲೆ ಹಳ್ಳ ಕಂಡಿತು, ಆಮೇಲೆ ಹಿಪ್ಪುನೇರಳೆ ಎಲೆ. ಲೆನ್ಸಿನೊಳಗೆ ಏನೋ ಕೆಟ್ಟಿತು ಎಂದುಕೊಂಡೆ. ತಲೆ ಎತ್ತಿದರೆ ಗೋಡೆಯ ಆಚೆ ಒಂದು ಮೇಕೆ ನಿಂತಿತ್ತು. ಬೀನ್ ಬ್ಯಾಗಿನ ಮೂಲೆ ಹರಿದು, ಹುರುಳಿ ಧಾರೆಯಾಗಿ ಸುರಿಯುತ್ತಿತ್ತು. ಮೇಕೆ ಯಾವ ಅವಸರವೂ ಇಲ್ಲದೆ ತಿನ್ನುತ್ತಿತ್ತು.

ಅಜ್ಜಿ ಓಡಿಬಂದು ಮೇಕೆಯನ್ನು ಎಳೆದು ಕಟ್ಟಿದರು. ಅತ್ತೆ ಉಳಿದ ಹುರುಳಿಯನ್ನು ಸೆರಗಿನಲ್ಲಿ ಬಾಚಿಕೊಂಡರು. ಕಾಳು ಚೆನ್ನಾಗಿದೆ, ಎಲ್ಲಿಯದು ಎಂದು ಅಜ್ಜಿ ಕೇಳಿದರು. ಅಲ್ಲಿಂದ ಮಾತು ಹತ್ತಿತು. ಇಬ್ಬರೂ ಒಳಗೆ ಹೋಗಿ, ನನ್ನ ಕಾಡುಪ್ರಾಣಿ ಛಾಯಾಗ್ರಹಣದ ಆಧಾರವಾಗಿದ್ದ ವಸ್ತುವನ್ನು ಕುಕ್ಕರಿಗೆ ಹಾಕಿದರು. ಸ್ವಲ್ಪ ಹೊತ್ತಿಗೆಲ್ಲ ಒಗ್ಗರಣೆ ಹಾಕಿದ ಹುರುಳಿ ಉಸಲಿ ತಟ್ಟೆಯಲ್ಲಿ ಬಂತು. ಎಷ್ಟು ಚೆನ್ನಾಗಿತ್ತೆಂದರೆ ನಾನು ಎರಡನೇ ಸಲ ಹಾಕಿಸಿಕೊಂಡೆ. ಚಿರತೆ ಬಂದಿರಲಿಲ್ಲ.

ಉಸಲಿ ತಿನ್ನುತ್ತ ಯಜಮಾನರು ಲೆನ್ಸನ್ನು ಸುತ್ತಿ ಸುತ್ತಿ ನೋಡಿದರು. ಇದರಲ್ಲಿ ಮನುಷ್ಯರೂ ಬರುತ್ತಾರೋ, ಬರೀ ಮೃಗಗಳೋ ಎಂದು ಕೇಳಿದರು. ಮನುಷ್ಯರೂ ಬರುತ್ತಾರೆ ಎಂದೆ. ಹಾಗಾದರೆ ನಮ್ಮಿಬ್ಬರದೂ ಒಂದು ತೆಗಿ ಎಂದು ಅಜ್ಜಿ ಕೂಡಲೇ ಹೇಳಿದರು. ಅವರ ಒಂದು ಒಳ್ಳೆಯ ಫೋಟೋ ಮನೆಯಲ್ಲಿ ಇರಲಿಲ್ಲವಂತೆ.

"ಆಧಾರ್ ಕಾರ್ಡ್ನಲ್ಲಿ ಅದೆ, ಅದು ನಾನೇ ಅಲ್ಲ ಕಣವ್ವ. ಯಾರೋ ಕಳ್ಳಿ ಇದ್ದಂಗವ್ಳೆ."

ಇಬ್ಬರೂ ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದರು. ಯಜಮಾನರು ಬಿಳಿ ಪೇಟ ಸುತ್ತಿದ್ದರು. ಅತ್ತೆಯನ್ನೂ ಕೈಹಿಡಿದು ಎಳೆದು, ಮೂವರೂ ಮನೆಯ ಪಕ್ಕ ತೋಟದ ಈಚೆ ಅಂಚಿನಲ್ಲಿ ನಿಲ್ಲಿಸಿದ್ದ ಎತ್ತಿನ ಗಾಡಿಯ ಮೂಕಿಯ ಮೇಲೆ ಸಾಲಾಗಿ ಕೂತರು. ನಾನು ಅವರೆದುರು ಟ್ರೈಪಾಡು ನಿಲ್ಲಿಸಿ, ಲೆನ್ಸು ಅದರ ಮೇಲೇರಿಸಿ ಕಣ್ಣಿಟ್ಟು ನೋಡಿದೆ. ಏನೂ ಕಾಣಲಿಲ್ಲ, ಬರೀ ಮಂಜು. ಈ ಲೆನ್ಸಿನ ಸ್ವಭಾವವೇ ಹಾಗೆ, ಹತ್ತಿರದ್ದು ಅದಕ್ಕೆ ಕಾಣುವುದಿಲ್ಲ. ಸ್ವಲ್ಪ ಹಿಂದೆ ಹೋದೆ. ಯಜಮಾನರ ಮೂಗು ಕಂಡಿತು, ಮೂಗೊಂದೇ ಇಡೀ ಚಿತ್ರವನ್ನು ತುಂಬಿತ್ತು. ಮತ್ತೆ ಹಿಂದೆ ಹೋದೆ. ಒಬ್ಬರ ಮುಖ ಬಂತು. ಟ್ರೈಪಾಡು ಹೆಗಲ ಮೇಲಿಟ್ಟುಕೊಂಡು ಅಂಗಳ ದಾಟಿದೆ, ಹಟ್ಟಿ ದಾಟಿದೆ, ಮೇಕೆ ದಾಟಿದೆ, ಓಮ್ನಿ ದಾಟಿದೆ. ಪಕ್ಕದವರ ರಾಗಿ ಹೊಲದ ನಡುವೆ ನಿಂತಾಗ ಮೂವರೂ ಪೂರ್ತಿ ಬಂದರು.

ಇನ್ನು ಹೇಳಿದ್ದು ಕೇಳಿಸುವುದು ಹೇಗೆ? ಕೂಗಿದೆ. ಹತ್ತಿರ ಕೂರಿ ಎಂದೆ. ಅವರು ಏನು ಎಂದು ಕೂಗಿದರು. ನಗಿ ಎಂದೆ. ಅಜ್ಜಿ ಕೈ ಬಾಯಿಗೆ ಅಡ್ಡ ಹಿಡಿದು, ಬ್ಯಾಡ ಉಸ್ಲಿ ಸಾಕು ಎಂದರು. ಇನ್ನೂ ಉಸಲಿ ಬೇಕೇ ಎಂದು ನಾನು ಕೇಳುತ್ತಿದ್ದೇನೆಂದು ತಿಳಿದಿದ್ದರು. ಕೂಗು ಕೇಳಿ ಆಚೀಚೆ ಹೊಲದವರು ಬಂದು ನಿಂತರು. ಅವರಲ್ಲೊಬ್ಬರು ನನ್ನ ಹಿಂದೆ ನಿಂತು, ಇಷ್ಟು ದೂರದಿಂದ ಫೋಟೋ ತೆಗೆಯುವಷ್ಟು ಜಗಳವೇನಾಯಿತು ಎಂದು ಕೇಳಿದರು.

ಕೊನೆಗೆ ಮೂವರೂ ಅಲುಗದೆ ಕೂತರು. ಹೊಂಬಿಸಿಲು ಮುಖದ ಮೇಲೆ ಬಿದ್ದಿತ್ತು. ಅಜ್ಜಿ ಎಷ್ಟು ಚೆನ್ನಾಗಿ ಕಂಡರೆಂದರೆ ನನಗೇ ಆಶ್ಚರ್ಯವಾಯಿತು. ಹತ್ತಿರದಿಂದ ಗಟ್ಟಿ ಧ್ವನಿಯಲ್ಲಿ ಮುಚ್ಚಿಹೋಗುತ್ತಿದ್ದ ಮುಖ ದೂರದಿಂದ ಹಾಯಾಗಿತ್ತು. ಎರಡು ಮೂರು ಚಿತ್ರ ತೆಗೆದೆ. ಮತ್ತೊಂದು ತೆಗೆಯುವಾಗ ಯಜಮಾನರ ಪೇಟದ ಹಿಂದೆ ಏನೋ ಅಲುಗಿತು.

ಅವರ ಬೆನ್ನ ಹಿಂದೆ ತೋಟ, ಹಳ್ಳ, ಹಳ್ಳದಾಚೆ ಬಂಡೆ. ಬಂಡೆಯ ಮೇಲೆ ಹಳದಿಯ ಏನೋ ಒಂದು ಬಂದು, ನಿಂತು, ಮಲಗಿತು. ಮಸುಕಾಗಿತ್ತು. ಆದರೂ ಬಾಲ ಇಳಿಬಿಟ್ಟ ರೀತಿಯಲ್ಲೇ ಗೊತ್ತಾಯಿತು. ನಡುವೆ ಹಳ್ಳವಿದೆ, ದೂರವಿದೆ ಎಂದು ಬುದ್ಧಿಗೆ ಗೊತ್ತಿತ್ತು. ಆದರೆ ಲೆನ್ಸಿಗೆ ದೂರ ಎಂಬುದೇ ಗೊತ್ತಿಲ್ಲ. ಎಲ್ಲವನ್ನೂ ಒಂದರ ಮೇಲೊಂದು ಮಡಚಿ ಇಟ್ಟ ಸೀರೆಯ ಹಾಗೆ ತೋರಿಸುತ್ತದೆ. ಅದರಲ್ಲಿ ನೋಡಿದರೆ ಚಿರತೆ ಯಜಮಾನರ ಪೇಟಕ್ಕೆ ಗದ್ದ ಊರಿಕೊಂಡು ಮಲಗಿದ ಹಾಗಿತ್ತು.

ಅಷ್ಟು ಹೊತ್ತು ಕೂಗುತ್ತಿದ್ದ ನನಗೆ ಈಗ ಕೂಗುವ ಹಾಗಿರಲಿಲ್ಲ. ಹಿಂದೆ ನೋಡಿ ಎಂದು ಬೆರಳಿನಲ್ಲಿ ತೋರಿಸಿದೆ. ಯಜಮಾನರು ತಲೆಯ ಮೇಲೆ ಏನೋ ಸರಿಯಿಲ್ಲ ಎಂದುಕೊಂಡು ಪೇಟ ಸರಿಮಾಡಿಕೊಂಡರು. ಮತ್ತೆ ತೋರಿಸಿದೆ. ಪೇಟ ತೆಗೆದರು. ಅಲ್ಲ ಎಂದು ಕೈ ಆಡಿಸಿದೆ. ಮತ್ತೆ ಹಾಕಿಕೊಂಡರು. ನನ್ನ ಹಿಂದೆ ನಿಂತಿದ್ದವರು ನನ್ನನ್ನೇ ನೋಡುತ್ತಿದ್ದರು. ಬಂಡೆಗೆ ಫೋಕಸ್ ಮಾಡಲು ಬಟನ್ ಒತ್ತಿದೆ. ಲೆನ್ಸು ಝುಯ್ ಎಂದು ಮುಂದೆ ಹೋಯಿತು, ಝುಯ್ ಎಂದು ಹಿಂದೆ ಬಂತು, ಬಿಳಿ ಪೇಟ ಹಿಡಿದುಕೊಂಡು ನಿಂತಿತು. ಮತ್ತೆ ಒತ್ತಿದೆ. ಮತ್ತೆ ಪೇಟ. ಮೂರನೆಯ ಸಲಕ್ಕೆ ಅಜ್ಜಿಯ ಮುಖ. ಕೈಯಿಂದ ತಿರುಗಿಸಬಹುದು ಎಂಬುದು ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ. ಏನು ಸಿಕ್ಕಿತೋ ಅದನ್ನೇ ಒತ್ತಿದೆ. ಅಷ್ಟರಲ್ಲಿ ಓಮ್ನಿಯಲ್ಲಿ ಮಲಗಿದ್ದ ನನ್ನ ಗಂಡ ಎದ್ದು, ಬಾಗಿಲು ಎಳೆದರು. ಆ ಬಾಗಿಲ ಸದ್ದು ಬೆಟ್ಟಕ್ಕೂ ಕೇಳಿಸುತ್ತದೆ. ಬಂಡೆ ಖಾಲಿಯಾಯಿತು.

ಕ್ಯಾಮೆರಾ ಹಿಡಿದುಕೊಂಡು ಗಾಡಿಯ ತನಕ ಹೋದೆ. ಹೇಳಿದರೆ ಅತ್ತೆ ನಂಬಲಿಲ್ಲ. ಬಿಸಿಲಿನಲ್ಲಿ ನಿಂತು ತಲೆ ತಿರುಗಿದೆ ಎಂದರು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತೋರಿಸಿದೆ. ಮೂವರೂ ಬಗ್ಗಿ ನೋಡಿದರು. ಯಜಮಾನರು ಗುರುತು ಹಿಡಿದು, ಹೌದು ಇದು ಅದೇ, ಎಡಗಡೆ ಮಲಗುವುದು ಅದರ ಅಭ್ಯಾಸ ಎಂದರು. ಅತ್ತೆ ಒಂದು ಮಾತೂ ಆಡದೆ ಗಾಡಿಯಿಂದ ಎದ್ದು ಒಳಗೆ ಹೋಗಿ ಬಾಗಿಲ ಹತ್ತಿರ ಕೂತರು. ಅವರು ಅಷ್ಟು ಹೊತ್ತು ಮಾತಾಡದೆ ಇದ್ದದ್ದನ್ನು ನಾನು ಮದುವೆಯಾದ ಮೇಲೆ ನೋಡಿದ್ದು ಅದೇ ಮೊದಲು.

ಮನೆಗೆ ಬಂದು ಚಿತ್ರವನ್ನು ಗುಂಪಿಗೆ ಹಾಕಿದೆ. ಏನೂ ವಿವರ ಬರೆಯಲಿಲ್ಲ. ಎಲ್ಲರೂ ಹೌಹಾರಲಿ ಎಂದು ಕಾದೆ. ಬೆಳಿಗ್ಗೆ ಹಲ್ಲಿನ ಡಾಕ್ಟರ ಅಭಿಪ್ರಾಯ ಬಂದಿತ್ತು. ಮುಖಗಳು ಚೆನ್ನಾಗಿ ಬಂದಿವೆಯಂತೆ. ಆದರೆ ಇದು ಕಾಡುಪ್ರಾಣಿಗಳ ಗುಂಪು, ಕುಟುಂಬದ ಫೋಟೋ ಹಾಕಬಾರದಂತೆ. ಜೊತೆಗೆ ಹಿನ್ನೆಲೆಯಲ್ಲಿ ಬಂಡೆಯ ಮೇಲೆ ಒಂದು ಹಳದಿ ಕಲೆ ಇದೆ, ಕಣ್ಣನ್ನು ಎಳೆಯುತ್ತದೆ, ಅದನ್ನು ಅಳಿಸಿಬಿಡಿ ಎಂದಿದ್ದರು. ಕೆಳಗೆ ಇಬ್ಬರು ಹೆಬ್ಬೆರಳು ಎತ್ತಿದ್ದರು. ನಾನು ಆ ಕಲೆಗೆ ಬಾಲವಿದೆ ಎಂದು ಬರೆದೆ. ಆಮೇಲೆ ಡಾಕ್ಟರು ಫೋನನ್ನೇ ಮಾಡಿ, ಆ ಹಳ್ಳಿಗೆ ದಾರಿ ಯಾವ ಕಡೆ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ದಾರಿ ಸರಿಯಾಗಿ ನೆನಪಿಲ್ಲ, ನನ್ನ ಗಂಡ ಓಡಿಸಿದ್ದು ಎಂದೆ.

ಚಿತ್ರವನ್ನು ದೊಡ್ಡದು ಮಾಡಿಸಿ, ಗಾಜು ಕಟ್ಟು ಹಾಕಿಸಿ, ಮತ್ತೆ ಮೂವರೂ ಹೋದೆವು. ಸುದ್ದಿ ಆಗಲೇ ಊರು ಸುತ್ತಿತ್ತು. ಯಜಮಾನರು ಕತೆ ಹೇಳುತ್ತ ಹೇಳುತ್ತ ಹಳ್ಳವನ್ನು ಕತೆಯಿಂದ ತೆಗೆದೇಬಿಟ್ಟಿದ್ದರು. ಚಿರತೆಯ ಉಸಿರು ಕುತ್ತಿಗೆಗೆ ಬಿಸಿಯಾಗಿ ತಾಗಿತು ಎನ್ನುವ ತನಕ ಬಂದಿತ್ತು. ಅಂಥ ಮನುಷ್ಯ ಸುತ್ತಿದ್ದ ಕಾಗದ ಬಿಚ್ಚಿ ಚಿತ್ರ ನೋಡಿದ್ದೇ ಸಪ್ಪಗಾದರು. ಚಿತ್ರದಲ್ಲಿ ಅವರ ಎರಡೂ ಕಣ್ಣು ಮುಚ್ಚಿದ್ದವು. ಪೇಟ ಹಾಕುವುದೋ ತೆಗೆಯುವುದೋ ತಿಳಿಯದೆ ರೆಪ್ಪೆ ಬಡಿದ ಗಳಿಗೆಯಲ್ಲೇ ನಾನು ಒತ್ತಿದ್ದೆ.

"ಬ್ಯಾರೆ ಇಲ್ವವ್ವಾ? ಕಣ್ ಬುಟ್ಕಂಡಿರದು?" ಎಂದು ಕೇಳಿದರು.

ಕಣ್ಣು ಬಿಟ್ಟದ್ದೂ ಇದೆ, ಅದರಲ್ಲಿ ಚಿರತೆ ಇಲ್ಲ ಎಂದೆ. ಅದನ್ನೇ ಕೊಡು ಎಂದರು. ಅಜ್ಜಿ ಬಂದು ಚಿತ್ರವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಚಿರತೆಯನ್ನು ನೋಡಲೇ ಇಲ್ಲ, ತಮ್ಮ ಮುಖವನ್ನೇ ನೋಡಿದರು. ಸೆರಗಿನಿಂದ ಗಾಜನ್ನು ಒರೆಸಿ ಮತ್ತೆ ನೋಡಿದರು.

"ಇದೇ ಇರ್ಲಿ. ಇದ್ರಲ್ಲಿ ನಾನ್ ಎಂಗಿದ್ದೀನೋ ಅಂಗೇ ಇದ್ದೀನಿ," ಎಂದರು.

"ನಾನ್ ಕಣ್ ಮುಚ್ಕಂಡು ಎಣದಂಗೆ ಕಾಣ್ತಿನಲ್ಲ, ಅದ್ಕೇನಂತೀಯ?" ಎಂದರು ಯಜಮಾನರು.

"ನಿದ್ದೆ ಮಾಡ್ತಿದ್ದೆ ಅನ್ನು. ಬೆನ್ನಿಂದ್ಗಡೆ ಚಿರ್ತೆ ಇದ್ರೂ ನಿದ್ದೆ ಮಾಡ್ತಿದ್ದ ಗಂಡ್ಸು ಅಂತಾರೆ. ಒಳ್ಳೇದೇ ಅಲ್ವಾ."

ಆ ಮಾತು ಯಜಮಾನರಿಗೆ ಹಿಡಿಸಿತು. ಎದ್ದು ಮೊಳೆ ಹುಡುಕಲು ಹೋದರು. ಮೊದಲು ಮಾದಪ್ಪನ ಪಟದ ಪಕ್ಕ ಹೊಡೆಯಲು ನೋಡಿದರು. ಅಜ್ಜಿ ಬೇಡ ಎಂದು, ಬಂದವರಿಗೆ ಕಾಣುವ ಹಾಗೆ ಬಾಗಿಲ ಎದುರಿನ ಗೋಡೆಗೆ ಹೊಡೆಸಿದರು. ನನ್ನ ಯಾವ ಚಿತ್ರಕ್ಕೂ ಯಾರೂ ಇಷ್ಟು ಜಗಳವಾಡಿರಲಿಲ್ಲ. ಮನಸ್ಸು ತುಂಬಿಬಂದು, ಚಿತ್ರ ಸ್ವಲ್ಪ ವಾಲಿದೆ ಎಂದೆ. ಅವರು ಸರಿಮಾಡಿದರು. ಈಗ ಇನ್ನೊಂದು ಕಡೆಗೆ ವಾಲಿತು.

ವಾಪಸು ಬರುವಾಗ, ಹನೂರು ದಾಟಿದ ಮೇಲೆ ಅತ್ತೆ, ಯಳಂದೂರಿನಲ್ಲಿರುವ ತಮ್ಮ ತಂಗಿಯೂ ಇಂಥದೊಂದು ಫೋಟೋ ಬೇಕೆಂದು ಕೇಳಿದ್ದಾಳೆ ಎಂದರು. ಯಾವಾಗ ಕೇಳಿದರು ಎಂದೆ. ಇನ್ನೂ ಕೇಳಿಲ್ಲ, ನೋಡಿದರೆ ಕೇಳುತ್ತಾಳೆ ಎಂದರು. ಅಲ್ಲಿ ನಾವು ಹಿಂದೆ ಹಿಂದೆ ಹೋಗಿ ನಿಲ್ಲಲು ಜಾಗವಿದೆಯೇ ಎಂದು ನನ್ನ ಗಂಡ ಸ್ಟೀರಿಂಗ್ ಹಿಡಿದುಕೊಂಡೇ ಕೇಳಿದರು. ಅವಳ ಮನೆಯ ಎದುರಿನ ಬೀದಿ ಉದ್ದವಾಗಿದೆ, ಕೊನೆಯಲ್ಲಿ ಬಸ್ ಸ್ಟ್ಯಾಂಡ್ ತನಕ ಹೋಗಬಹುದು ಎಂದು ಅತ್ತೆ ಹೇಳಿದರು. ಚಿರತೆ ಇಲ್ಲದಿದ್ದರೂ ನಡೆಯುತ್ತದಂತೆ.